ಕಪ್ಪು ಕನ್ನಡಕಕ್ಕೆ ಯಾರೂ ವೋಟು ಹಾಕಲಿಲ್ಲ

ಚುನಾವಣೆ ಬಂತೆಂದರೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಸೊರಬದವರು ಬಂಗಾರಪ್ಪನವರ ಕಪ್ಪು ಕನ್ನಡಕಕ್ಕೂ ಠೀವಿಗೂ ಮರುಳಾದರಂತೆ, ಶಿಕಾರಿಪುರದವರು ಯಡಿಯೂರಪ್ಪನವರ ಬಿಳಿ ಸಫಾರಿಗೂ ಬಿರುಸು ನಡಿಗೆಗೂ ಮನಸೋತರಂತೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಎರಡು ತಾಲ್ಲೂಕಿನ ಜನರ ವಿವೇಕಕ್ಕೆ ಮಾಡುವ ಅವಮಾನ ಇದು, ಮೇಲಾಗಿ ಸುಳ್ಳು.

1983ರಿಂದ ಗೆಲ್ಲುತ್ತಲೇ ಬಂದಿದ್ದ ಯಡಿಯೂರಪ್ಪ 1999ರಲ್ಲಿ ಶಿಕಾರಿಪುರದಲ್ಲೇ ಕಾಂಗ್ರೆಸ್ಸಿನ ಮಹಾಲಿಂಗಪ್ಪನವರೆದುರು ಸೋತರು. 2004ರಲ್ಲಿ ಮತ್ತೆ ಗೆದ್ದರು. ಸಫಾರಿಯೂ ಅದೇ, ಬಿಗಿದ ಮುಖವೂ ಅದೇ. ಸೊರಬದ ಸಾಕ್ಷ್ಯ ಇನ್ನೂ ಗಟ್ಟಿ. ಅಲ್ಲಿ 2013ರಲ್ಲಿ ಬಂಗಾರಪ್ಪನವರ ಮಗ ಮಧು ಗೆದ್ದರು, 2018ರಲ್ಲಿ ಅಣ್ಣ ಕುಮಾರ್, 2023ರಲ್ಲಿ ಮತ್ತೆ ಮಧು. ಮೂರೂ ಸಲ ಅವೇ ಎರಡು ಮುಖಗಳು ಕಣದಲ್ಲಿದ್ದವು. ಕುಮಾರ್ ಅವರಂತೂ ಸಿನಿಮಾದಲ್ಲಿ ನಾಯಕರಾಗಿದ್ದವರು. ಬದಲಾದದ್ದು ಪಕ್ಷ, ಜಾತಿಯ ಲೆಕ್ಕಾಚಾರ, ಯಾರು ಯಾರ ಜೊತೆಗೆ ನಿಂತರು ಎಂಬುದು.

ಬಂಗಾರಪ್ಪನವರು 1967ರಿಂದ 1994ರವರೆಗೆ ಸತತ ಏಳು ಸಲ ಗೆದ್ದದ್ದಕ್ಕೆ ಕಾರಣ ಕನ್ನಡಕದಲ್ಲಿ ಸಿಗುವುದಿಲ್ಲ. ಅವರು ರಾಜಕೀಯಕ್ಕೆ ಬಂದದ್ದು ಸಮಾಜವಾದಿಗಳ ಜೊತೆ, ಗೇಣಿದಾರರು ಭೂಮಾಲೀಕರ ಎದುರು ನಿಂತ ಸೀಮೆಯಿಂದ. ದೀವರ ಸಮುದಾಯದವರು ಅವರಲ್ಲಿ ತಮ್ಮವನೊಬ್ಬನನ್ನು ಕಂಡರು. ಮುಖ್ಯಮಂತ್ರಿಯಾದಾಗ ರೈತರ ಪಂಪ್‌ಸೆಟ್‌ಗೆ ಉಚಿತ ಕರೆಂಟು, ಬಡವರಿಗೆ ಆಶ್ರಯ ಮನೆ, ಹಳ್ಳಿಯ ಹುಡುಗರಿಗೆ ಕೃಪಾಂಕ ಕೊಟ್ಟರು. ಆಮೇಲೆ 2009ರ ಲೋಕಸಭಾ ಚುನಾವಣೆಯಲ್ಲಿ ಅದೇ ಠೀವಿಯ ಬಂಗಾರಪ್ಪ, ಶಿಕಾರಿಪುರದ ಯುವಕ ರಾಘವೇಂದ್ರ ಅವರೆದುರು ಸೋತರು.

ಹಾಗಾದರೆ ರೂಪಕ್ಕೆ ಬೆಲೆಯೇ ಇಲ್ಲವೆ? ಇದೆ. ಅಮೆರಿಕದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋಟೋ ನೋಡಿ ‘ಇವರು ಸಮರ್ಥರು’ ಎಂದು ಜನ ಆರಿಸಿದ ಮುಖಗಳು ಸುಮಾರು ಶೇ 70ರಷ್ಟು ಸೆನೆಟ್ ಸ್ಪರ್ಧೆಗಳಲ್ಲಿ ಗೆದ್ದಿದ್ದವು. ಆದರೆ ಆ ಫೋಟೋಗಳನ್ನು ನೋಡಿದವರಿಗೆ ಆ ಅಭ್ಯರ್ಥಿಗಳು ಯಾರೆಂದೇ ಗೊತ್ತಿರಲಿಲ್ಲ. ಅಭ್ಯರ್ಥಿಯ ಅಪ್ಪನನ್ನೂ ಅವನ ಜಮೀನನ್ನೂ ಬಲ್ಲ ಊರಿಗೆ ಆ ಲೆಕ್ಕ ತಂದು ಹಚ್ಚಬಾರದು.

ಇನ್ನು ‘ಶೇ 93 ಸಂವಹನ ದೇಹಭಾಷೆ, ದನಿಯಿಂದಲೇ’ ಎಂದು ಹೇಳಿ ಫೀಸು ಪಡೆಯುವ ತರಬೇತುದಾರರು. ಆ ಅಂಕಿಗೆ ಮೂಲವಾದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪರೀಕ್ಷಿಸಿದ್ದು ಒಂಟಿ ಪದಗಳು, ದನಿ, ಮುಖಭಾವ ಒಂದಕ್ಕೊಂದು ಹೊಂದದಿದ್ದಾಗ ಇಷ್ಟಾನಿಷ್ಟ ಹೇಗೆ ತಿಳಿಯುತ್ತದೆ ಎಂಬುದನ್ನಷ್ಟೇ, ಭಾಷಣವನ್ನಲ್ಲ. ಕೈಕಟ್ಟಿ ನಿಂತವನು ಸುಳ್ಳುಗಾರ ಎಂಬುದಕ್ಕೂ ಆಧಾರವಿಲ್ಲ.

ಇಂಥದ್ದನ್ನು ನಂಬುತ್ತ ನಂಬುತ್ತ ಕೇಳಬೇಕಾದ್ದನ್ನೇ ಮರೆಯುತ್ತೇವೆ. 2024ರಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪನವರ ತಲೆಗೂದಲಿನ ಬಗ್ಗೆ ಶಿಕಾರಿಪುರದ ಶಾಸಕ ವಿಜಯೇಂದ್ರ ಟೀಕಿಸಿದರು, ಸಚಿವರು ತಿರುಗೇಟು ಕೊಟ್ಟರು, ಅದು ದೊಡ್ಡ ಸುದ್ದಿಯಾಯಿತು. ಆ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿದಿತ್ತು. ಸಚಿವರನ್ನು ಹಿಡಿದು ನಿಲ್ಲಿಸಿ ಕೇಳಬೇಕಿದ್ದದ್ದು ಅದನ್ನು.