ಇಪ್ಪತ್ತೆಂಟು ಚೌಕಗಳ ಕಂಬಳಿ

2011ರ ಮಾರ್ಚ್ 11, ಶುಕ್ರವಾರ. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಜಪಾನಿನ ಈಶಾನ್ಯ ಕರಾವಳಿಯಾಚೆ ಸಮುದ್ರತಳ ನಡುಗಿತು. ಬೆನ್ನಿಗೇ ಬಂದ ಸುನಾಮಿ ಊರೂರನ್ನೇ ಕೊಚ್ಚಿಕೊಂಡು ಹೋಯಿತು. ಸಾಲದೆಂಬಂತೆ ಅಂದೇ ಹಿಮವೂ ಬಿತ್ತು. ತೋಯ್ದ ಬಟ್ಟೆಯಲ್ಲೇ ಶಾಲೆಗಳ ವ್ಯಾಯಾಮ ಮಂದಿರಗಳಿಗೆ ಬಂದು ಸೇರಿದವರಿಗೆ ವಿದ್ಯುತ್ತಿಲ್ಲ, ಹೊದೆಯಲು ಸಾಕಷ್ಟು ಕಂಬಳಿಯಿಲ್ಲ. ಸತ್ತವರು ಸುಮಾರು 15,900 ಮಂದಿ. ಮನೆ ಬಿಟ್ಟು ಆಶ್ರಯ ಪಡೆದವರ ಸಂಖ್ಯೆ ಒಂದು ಹಂತದಲ್ಲಿ ನಾಲ್ಕೂವರೆ ಲಕ್ಷವನ್ನೂ ಮೀರಿತ್ತು.

ಈ ಊರುಗಳ ಹೆಸರನ್ನು ಜಗತ್ತು ಕೇಳಿದ್ದು ಅಂದೇ. ಆದರೆ ಕೆಲವರಿಗೆ ಅವು ಮೊದಲೇ ಪರಿಚಿತ. 1987ರಲ್ಲಿ ಶುರುವಾದ ‘ಜೆಟ್’ ಎಂಬ ಸರ್ಕಾರಿ ಯೋಜನೆಯಡಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ತರುಣ ಪದವೀಧರರು ಜಪಾನಿನ ಸಣ್ಣಪುಟ್ಟ ಊರುಗಳಿಗೆ ಬಂದು, ಶಾಲಾಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಕೆಲವು ವರ್ಷಗಳಲ್ಲಿ ಸ್ವದೇಶಕ್ಕೆ ಮರಳುತ್ತಾರೆ. ಇಂಥ ಇಬ್ಬರು ಅಮೆರಿಕನ್ ಶಿಕ್ಷಕರು ಸುನಾಮಿಗೆ ಬಲಿಯಾದರು. ಮೊದಲೇ ಊರಿಗೆ ಮರಳಿದ್ದವರ ಸಂಕಟ ಬೇರೆ ಬಗೆಯದು. ತಾವು ದಿನವೂ ನಡೆದ ಬೀದಿಯನ್ನು ಟಿ.ವಿ. ತೆರೆಯ ಮೇಲೆ ಕೆಸರಾಗಿ ಕಂಡರು. ಹೋಗಿ ನೆರವಾಗೋಣವೆಂದರೆ ಸಾವಿರಾರು ಮೈಲಿ ದೂರ. ಹಣ ಕಳುಹಿಸಿದ್ದಾಯಿತು. ಆದರೂ ಕೈ ಸುಮ್ಮನಿರಲೊಲ್ಲದು. ಹೀಗೆ ಹೆಣಿಗೆ ಕಡ್ಡಿ ಹಿಡಿದವರೂ ಇದ್ದಾರೆ.

ಇಡೀ ಕಂಬಳಿಯನ್ನು ಒಬ್ಬರೇ ಹೆಣೆಯಹೊರಟರೆ ತಿಂಗಳುಗಳೇ ಬೇಕು. ಅದಕ್ಕೊಂದು ಸುಲಭದ ಹಾದಿಯಿದೆ: ಒಬ್ಬೊಬ್ಬರು ಒಂದೊಂದು ಚೌಕ ಹೆಣೆಯುವುದು, ಕೊನೆಗೆ ಎಲ್ಲವನ್ನೂ ಕೂಡಿಸಿ ಹೊಲಿಯುವುದು. ನಮ್ಮ ಅಜ್ಜಿಯರ ಕೌದಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಡ್ನಿಯಲ್ಲಿ 1992ರಲ್ಲಿ ಸೋನಿಯಾ ಗಿಡ್ಲಿ-ಕಿಂಗ್ ಎಂಬ ಮಹಿಳೆ ಆರಂಭಿಸಿದ ‘ರ‍್ಯಾಪ್ ವಿತ್ ಲವ್’ ಸಂಸ್ಥೆಯ ಲೆಕ್ಕ ಹೀಗಿದೆ: ಒಂದು ಚೌಕ 25 ಸೆಂಟಿಮೀಟರ್; ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಏಳು, ಒಟ್ಟು 28. ಒಂದು ಮೀಟರ್ ಅಗಲ, ಒಂದು ಮುಕ್ಕಾಲು ಮೀಟರ್ ಉದ್ದದ ಹೊದಿಕೆ ಸಿದ್ಧ. ಸಾದಾ ಹೆಣಿಗೆಯಷ್ಟೇ ಬಲ್ಲ ಶಾಲೆಯ ಹುಡುಗನೂ ಕೆಲವು ಸಂಜೆಗಳಲ್ಲಿ ಒಂದು ಚೌಕ ಮುಗಿಸಿಯಾನು. ಗಂಟು ಬೀಳುವುದು ಬೇರೆಡೆ. ಒಬ್ಬರು ಬಿಗಿಯಾಗಿ ಹೆಣೆಯುತ್ತಾರೆ, ಇನ್ನೊಬ್ಬರು ಸಡಿಲವಾಗಿ. ಚೌಕಗಳು ಒಂದೇ ಅಳತೆಗೆ ಬಾರವು. ಅವನ್ನು ಎಳೆದು, ಹೊಂದಿಸಿ ಹೊಲಿಯುವವರ ತಾಳ್ಮೆಗೇ ಬಹುಮಾನ ಕೊಡಬೇಕು!

ನೂಲಿನ ಆಯ್ಕೆಯೂ ಹುಡುಗಾಟವಲ್ಲ. ಉಣ್ಣೆಯ ಸುರುಳಿ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡು ಮೈಯ ಶಾಖವನ್ನು ಹೊರಗೆ ಬಿಡದು. ತನ್ನ ತೂಕದ ಮೂರನೆಯ ಒಂದರಷ್ಟು ತೇವ ಹೀರಿದರೂ ಒದ್ದೆಯೆನಿಸದು. ಆದರೆ ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಕುಗ್ಗಿ ಗಟ್ಟಿಯಾಗುತ್ತದೆ. ಅಕ್ರಿಲಿಕ್ ನೂಲು ಅಗ್ಗ, ಯಂತ್ರದಲ್ಲಿ ಒಗೆಯಬಹುದು. ಬೆಂಕಿ ತಗುಲಿದರೆ ಮಾತ್ರ ಕರಗಿ ಚರ್ಮಕ್ಕೆ ಅಂಟೀತು. ಸೀಮೆಎಣ್ಣೆ ಹೀಟರ್ ಉರಿಯುವ ಕೋಣೆಯಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟಾದರೂ ಒಂದು ಕಹಿ ಪ್ರಶ್ನೆ ಉಳಿಯುತ್ತದೆ. ಮೊದಲ ರಾತ್ರಿಯ ಚಳಿಗೆ ಕೈಹೆಣಿಗೆಯ ಕಂಬಳಿ ಒದಗದು. ಆಗ ಬೇಕಾದದ್ದು ಹತ್ತಿರದ ಉಗ್ರಾಣದಲ್ಲಿ ಕಟ್ಟಿಟ್ಟ ಕಾರ್ಖಾನೆಯ ಕಂಬಳಿ. ಕೇಳದೆ ಕಳುಹಿಸಿದ ಸಾಮಗ್ರಿ ಹೊರೆಯೂ ಆದೀತು. 1993ರಲ್ಲಿ ಜಪಾನಿನ ಒಕುಶಿರಿ ದ್ವೀಪ ಭೂಕಂಪ, ಸುನಾಮಿಗಳಿಗೆ ತುತ್ತಾದಾಗ ಸಾವಿರಾರು ಟನ್ ಸಾಮಾನು ಬಂದು ಬಿತ್ತು. ವಿಂಗಡಿಸುವ ಕೈಗಳಿಲ್ಲ, ಇಡಲು ಜಾಗವಿಲ್ಲ. ಹಳೆ ಬಟ್ಟೆಗಳ ರಾಶಿಯನ್ನು ಕೊನೆಗೆ ಸುಡಬೇಕಾಯಿತು. ಆದ್ದರಿಂದ ಅಲ್ಲಿರುವವರನ್ನು ಕೇಳಿ, ಎಷ್ಟು ಬೇಕು, ಯಾರು ಹಂಚುತ್ತಾರೆಂದು ತಿಳಿದ ಮೇಲೆಯೇ ಮೊದಲ ಕುಣಿಕೆ ಹಾಕುವುದು ಜಾಣತನ.

ಕೈಹೆಣಿಗೆಯ ಕಾಲ ಬರುವುದು ಮುಂದಿನ ಚಳಿಗಾಲಕ್ಕೆ, ತಾತ್ಕಾಲಿಕ ಮನೆಗಳಲ್ಲಿ. ತೆಳು ಗೋಡೆಯ ಆ ಮನೆಗಳು ಈಶಾನ್ಯದ ಚಳಿ ತಡೆಯಲಾರದೆ, ಮತ್ತೆ ದುರಸ್ತಿ ಮಾಡಬೇಕಾಯಿತು. ಚಳಿಗಿಂತ ಕ್ರೂರವಾದದ್ದು ಒಂಟಿತನ. 1995ರ ಕೋಬೆ ಭೂಕಂಪದ ನಂತರ ಇಂಥ ಮನೆಗಳಲ್ಲಿ ಯಾರಿಗೂ ತಿಳಿಯದೆ ಒಂಟಿಯಾಗಿ ಸತ್ತವರು ಇನ್ನೂರಕ್ಕೂ ಹೆಚ್ಚು. ಜಪಾನಿನಲ್ಲೇ ನೆಲೆಸಿದ್ದ ಜರ್ಮನ್ ಹೆಣಿಗೆಗಾರ ಬೆರ್ಂಡ್ ಕೆಸ್ಟ್ಲರ್ 2011ರಲ್ಲಿ ಈ ನಾಡಿಯನ್ನು ಹಿಡಿದವರು. ಅವರು ಸಂತ್ರಸ್ತರಿಗೆ ನೂಲು, ಕಡ್ಡಿಗಳನ್ನೇ ಒದಗಿಸಿದರು. ಬೆಳಗಿನಿಂದ ಸಂಜೆಯವರೆಗೆ ಕೈಕಟ್ಟಿ ಕೂತವರಿಗೆ ಕೆಲಸ ಸಿಕ್ಕಿತು, ಜೊತೆಗೆ ಕೂತು ಮಾತಾಡಲು ನೆಪವೂ.

ತಮಾಕೊ ಮಿತಾರಾಯಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಭೂಕಂಪವಾದಾಗ ಆಕೆ ಭೂತಾನ್ ಸರ್ಕಾರದ ಕೆಲಸದಲ್ಲಿದ್ದರು. ತಾಯ್ನಾಡಿಗೆ ಮರಳಿ, ಮೀನುಗಾರರ ಬಂದರು ಕೆಸೆನ್ನುಮಾದಲ್ಲಿ 2012ರಲ್ಲಿ ಹೆಣಿಗೆಯ ಉದ್ಯಮ ಆರಂಭಿಸಿದರು. ಸಮುದ್ರದ ಬಲೆ, ಹಗ್ಗಗಳ ಒಡನಾಟದಲ್ಲೇ ಬೆಳೆದ ಊರಿನ ಹೆಂಗಸರಿಗೆ ನೂಲು ಹಿಡಿಯುವುದು ಹೊಸತಲ್ಲ. ‘ಪಾಪ, ಸಂತ್ರಸ್ತರು’ ಎಂದು ಯಾರೂ ಕೊಳ್ಳಬಾರದು, ಚೆನ್ನಾಗಿದೆಯೆಂದು ಕೊಳ್ಳಬೇಕು ಎಂಬುದು ಅಲ್ಲಿನ ಪಟ್ಟು. ಅವರ ಮೊದಲ ಕಾರ್ಡಿಗನ್ನಿನ ಬೆಲೆ ಸುಮಾರು ಒಂದೂವರೆ ಲಕ್ಷ ಯೆನ್. ಬಯಸಿದವರು ಸರದಿಗಾಗಿ ಕಾಯಬೇಕಾಯಿತು.