ಬಾಗಿಲಿಗೆ ಬಾಗಿಲು ತಾಗಿದ ಶಿವಾಜಿನಗರ

ಬೆಂಗಳೂರಿನ ಯಾವ ಮೂಲೆಯಲ್ಲಿ ನಿಂತರೂ ಶಿವಾಜಿನಗರಕ್ಕೊಂದು ಬಸ್ಸು ಸಿಗುತ್ತದೆ ಎಂದು ಹಳಬರು ಹೇಳುವುದುಂಟು. ಮನೆಯಲ್ಲೊಂದು ಮದುವೆ ನಿಶ್ಚಯವಾಗಿ, ಬಟ್ಟೆ ಖರೀದಿಗೆಂದು ನೀವು ಊರಿನಿಂದ ಬೆಂಗಳೂರಿಗೆ ಹೋದವರಾಗಿದ್ದರೆ ಆ ಬಸ್ಸಿನಲ್ಲಿ ಖಂಡಿತ ಕೂತಿರುತ್ತೀರಿ. ನಿಲ್ದಾಣದಲ್ಲಿ ಇಳಿದು, ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಪರ್ಸನ್ನೂ ಬಿಗಿಯಾಗಿ ಹಿಡಿದು, ತಳ್ಳುಗಾಡಿ, ಆಟೋ, ಹಣ್ಣಿನ ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು ರಸೆಲ್ ಮಾರ್ಕೆಟ್‌ನತ್ತ ನಡೆಯುವಾಗ, “ಯಾ ಅಲ್ಲಾಹ್, ಇಲ್ಲಿ ಜನ ಹೇಗೆ ಸಂಸಾರ ಮಾಡುತ್ತಾರೋ!” ಎಂದು ಉದ್ಗರಿಸಿಯೂ ಇರುತ್ತೀರಿ.

ಆ ಉದ್ಗಾರಕ್ಕೆ ಉತ್ತರ ಮಾರ್ಕೆಟ್‌ನಲ್ಲಿ ಸಿಗದು. ಅಂಗಡಿ ಸಾಲಿನ ಹಿಂದಿರುವ ಗಲ್ಲಿಗಳನ್ನು ಹೊಕ್ಕು ನೋಡಬೇಕು. ಎದುರು ಬದುರು ಮನೆಗಳ ಮಧ್ಯೆ ಒಂದು ಸ್ಕೂಟರ್ ಹೋಗುವಷ್ಟೇ ಜಾಗ. ಕೆಳಗೆ ಒಂದು ಕುಟುಂಬ, ಕಡಿದಾದ ಮೆಟ್ಟಿಲು ಹತ್ತಿದರೆ ಇನ್ನೊಂದು, ಅದರ ಮೇಲೆ ಶೀಟು ಹಾಕಿದ ಕೋಣೆಯಲ್ಲಿ ಮತ್ತೊಂದು. ಒಂದು ಮನೆಯ ಕುಕ್ಕರ್ ಕೂಗಿದರೆ ಮೂರನೆಯ ಮನೆಯಾಕೆ ತನ್ನ ಒಲೆಯ ಕಡೆ ತಿರುಗಿ ನೋಡುತ್ತಾಳೆ. ಇಲ್ಲಿ ಗುಟ್ಟು ಉಳಿಯುವುದು ಕಷ್ಟ, ಆದರೆ ಹಸಿವನ್ನು ಮುಚ್ಚಿಟ್ಟುಕೊಳ್ಳುವುದು ಅದಕ್ಕಿಂತಲೂ ಕಷ್ಟ.

ಈ ಬಡಾವಣೆಗೆ ಎರಡು ಶತಮಾನದ ಇತಿಹಾಸವಿದೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು ದಂಡು ಪ್ರದೇಶ ಆರಂಭವಾಯಿತು. ಸೈನ್ಯ ಎಂದರೆ ಬರೀ ಸಿಪಾಯಿಗಳಲ್ಲ. ಅವರಿಗೆ ಮಾಂಸ, ತರಕಾರಿ, ರೊಟ್ಟಿ ಬೇಕು. ಕುದುರೆಗೆ ಹುಲ್ಲು ಬೇಕು. ಸಮವಸ್ತ್ರ ಹೊಲಿಯುವವರು, ಚರ್ಮದ ಕೆಲಸದವರು, ಗುತ್ತಿಗೆದಾರರು ಬೇಕು. ಹೀಗೆ ದಖನಿ ಮಾತಾಡುವ ಮುಸ್ಲಿಮರು, ತಮಿಳು ಸೀಮೆಯ ಮೊದಲಿಯಾರರು, ಪಿಳ್ಳೆಗಳು, ಕ್ರೈಸ್ತರು, ಆಮೇಲೆ ಕಛೀ ಮೇಮನ್ ವ್ಯಾಪಾರಿಗಳು ಬಂದು ನೆಲೆಸಿದರು. ಆಗ ಈ ಭಾಗವನ್ನು ಬ್ಲ್ಯಾಕ್‌ಪಳ್ಳಿ ಎನ್ನುತ್ತಿದ್ದರು. ಮೈಸೂರು ರಾಜ್ಯದ ಮಧ್ಯದಲ್ಲೇ ಇದ್ದರೂ ದಂಡು ಬ್ರಿಟಿಷರ ಕೈಯಲ್ಲಿತ್ತು. 1947ರಲ್ಲಿ ಅದು ಮೈಸೂರಿಗೆ ಮರಳಿತು, 1949ರಲ್ಲಿ ದಂಡು ಮತ್ತು ಪೇಟೆ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ಇದನ್ನೆಲ್ಲ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ರಸ್ತೆಯ ಫಲಕಗಳನ್ನು ಓದುತ್ತಾ ನಡೆದರೆ ಸಾಕು. ಇಬ್ರಾಹೀಮ್ ಸಾಹೇಬ್ ಸ್ಟ್ರೀಟ್, ನಾರಾಯಣ ಪಿಳ್ಳೆ ಸ್ಟ್ರೀಟ್, ಧರ್ಮರಾಜ ಕೋಯಿಲ್ ಸ್ಟ್ರೀಟ್, ಜುಮ್ಮಾ ಮಸೀದಿ ರಸ್ತೆ, ನೋವಾ ಸ್ಟ್ರೀಟ್, ಮೀನಾಕ್ಷಿ ಕೋಯಿಲ್ ಸ್ಟ್ರೀಟ್. ಯಾರು ಯಾರು ಇಲ್ಲಿ ಬದುಕಿದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕೆ?

ಮಹಿಳೆಯರಾದ ನಿಮಗೆ ಇಲ್ಲಿಯ ಒಂದು ಕಟ್ಟಡದ ಬಗ್ಗೆ ಹೇಳಲೇಬೇಕು. ಅದು ಗೋಷಾ ಆಸ್ಪತ್ರೆ. ಗೋಷಾ ಎಂದರೆ ಪರ್ದಾ. ಹಿಂದೆ ಎಷ್ಟೋ ಹೆಣ್ಣುಮಕ್ಕಳು ಹೆರಿಗೆಯ ನೋವಿನಲ್ಲಿ ನರಳಿದರೂ ಪರಪುರುಷರ ಮುಂದೆ ಹೋಗಬೇಕಲ್ಲ ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಮನೆಯಲ್ಲೇ ಸೂಲಗಿತ್ತಿಯನ್ನು ಕರೆಸುತ್ತಿದ್ದರು, ಬದುಕಿದರೆ ಬದುಕು. ಅಂಥವರಿಗೆಂದೇ, ಪರ್ದಾಕ್ಕೆ ಭಂಗ ಬಾರದಂತೆ ಚಿಕಿತ್ಸೆ ಸಿಗಲೆಂದು ಕಟ್ಟಿಸಿದ ಆಸ್ಪತ್ರೆ ಇದು. ಇದಕ್ಕೆ ದಾನ ಕೊಟ್ಟವರು ಬೆಂಗಳೂರಿನ ಪ್ರಸಿದ್ಧ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್. ಫ್ರೇಜರ್ ಟೌನ್‌ನ ಮಾಸ್ಕ್ ರೋಡ್‌ಗೆ ಆ ಹೆಸರು ತಂದ ಮಸೀದಿಯೂ ಅವರದೇ ಕೊಡುಗೆ. ಹೆಂಗಸರು ಆಸ್ಪತ್ರೆಗೆ ಬರುವುದಿಲ್ಲ ಎಂದು ದೂರುತ್ತಾ ಕೂರದೆ, ಅವರು ಬರುವಂಥ ಆಸ್ಪತ್ರೆಯನ್ನೇ ಕಟ್ಟಿಸಿದ ಆ ಬುದ್ಧಿ ನಮ್ಮ ಇಂದಿನ ಶ್ರೀಮಂತರಿಗೂ ಬಂದರೆ ಚೆನ್ನಾಗಿತ್ತು. ಈಗ ಅದು ಸರಕಾರಿ ಆಸ್ಪತ್ರೆ. ಅಲ್ಲಿಗೆ ಬರುವವರಲ್ಲಿ ಎಲ್ಲ ಜಾತಿ ಧರ್ಮದ ಬಡ ತಾಯಂದಿರಿದ್ದಾರೆ.

ಬಿಡಬೇಕೇ, ಇರಬೇಕೇ?

ಶಿವಾಜಿನಗರದ ಯಾವ ಮನೆಯಲ್ಲಿ ಕೂತರೂ ಇಂದು ಒಂದು ಮಾತು ಬಂದೇ ಬರುತ್ತದೆ. “ಥಣಿಸಂದ್ರದ ಕಡೆ ಒಂದು ಫ್ಲ್ಯಾಟ್ ನೋಡಿದ್ದೇವೆ”, ಇಲ್ಲವೇ “ಹೆಗಡೆ ನಗರದಲ್ಲಿ ಸೈಟ್ ಇದೆ.” ಮಗ ಸೊಸೆಗೆ ಹೋಗುವ ಆತುರ. ಅತ್ತೆಗೆ ಹೋಗಲು ಮನಸ್ಸಿಲ್ಲ. ಮಾವ ಬಾಯಿ ಬಿಡುವುದಿಲ್ಲ.

ಈ ಗೊಂದಲ ನಿನ್ನೆ ಮೊನ್ನೆಯದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಇಂಥ ಇಕ್ಕಟ್ಟಾದ ಗಲ್ಲಿಗಳಲ್ಲಿ ರೋಗ ಕಾಡಿದ ಬಗೆ ನೋಡಿ, ದಟ್ಟಣೆ ಕಡಿಮೆ ಮಾಡಬೇಕೆಂದು ಸರಕಾರ ಹೊಸ ಬಡಾವಣೆಗಳನ್ನು ಮಾಡಿತು. ಅಗಲ ರಸ್ತೆ, ಗಾಳಿ ಬೆಳಕಿನ ಫ್ರೇಜರ್ ಟೌನ್ ಹುಟ್ಟಿದ್ದು ಹಾಗೆ. ಅಂದರೆ ನೂರು ವರ್ಷಕ್ಕೂ ಹಿಂದೆಯೇ ಇಲ್ಲಿಯ ಮನೆಗಳಲ್ಲಿ ಇದೇ ಚರ್ಚೆ ನಡೆದಿರಬೇಕು.

ಹೋಗಬೇಕೆನ್ನುವ ಸೊಸೆಯನ್ನು ದೂರುವುದು ಅನ್ಯಾಯ. ಹತ್ತಡಿ ಕೋಣೆಯಲ್ಲಿ ಅಡುಗೆ, ಅಲ್ಲೇ ಮಕ್ಕಳ ಓದು, ಅಲ್ಲೇ ರಾತ್ರಿ ಹಾಸಿಗೆ. ಮಳೆಗಾಲ ಬಂದರೆ ಗೋಡೆಯಲ್ಲಿ ತೇವ, ಮಗುವಿಗೆ ಕೆಮ್ಮು. ಆಡಲು ಮೈದಾನವಿಲ್ಲದ ಹುಡುಗರು ರಸ್ತೆಯಲ್ಲೇ ಬೆಳೆಯುತ್ತಾರೆ, ರಸ್ತೆ ಕಲಿಸುವುದನ್ನೆಲ್ಲ ಕಲಿಯುತ್ತಾರೆ. ವಯಸ್ಸಿಗೆ ಬಂದ ಮಗಳಿಗೆ ಬಟ್ಟೆ ಬದಲಿಸಲೂ ಒಂದು ಮೂಲೆ ಇಲ್ಲದ ಮನೆಗಳಿವೆ. ಬೆಂಕಿಯ ಭಯ ಬೇರೆ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್‌ಗೆ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು. ಅದು ಮಾರ್ಕೆಟ್, ಅದೂ ರಾತ್ರಿ, ಗಿರಾಕಿಗಳಿಲ್ಲದ ಹೊತ್ತು. ಇದೇ ಬೆಂಕಿ ಸ್ಕೂಟರ್‌ಗಳನ್ನು ಅಡ್ಡ ನಿಲ್ಲಿಸಿದ ಗಲ್ಲಿಯ ಮನೆಯೊಂದಕ್ಕೆ ಬಿದ್ದರೆ ಅಗ್ನಿಶಾಮಕದ ಗಾಡಿ ಎಲ್ಲಿಂದ ಒಳಬರಬೇಕು? ನಿಮ್ಮ ಮನೆಯೂ ಇಂಥ ಗಲ್ಲಿಯಲ್ಲಿದ್ದರೆ ಇಂದು ಸಂಜೆಯೇ ಒಮ್ಮೆ ಹೊರಗೆ ನಿಂತು ನೋಡಿ. ಹಳೆಯ ವಯರು, ಮೆಟ್ಟಿಲ ಕೆಳಗಿಟ್ಟ ಗ್ಯಾಸ್ ಸಿಲಿಂಡರ್, ದಾರಿಗಡ್ಡ ನಿಂತ ಗಾಡಿ ಇವುಗಳನ್ನು ಸರಿಪಡಿಸಲು ಫ್ಲ್ಯಾಟ್ ಕೊಳ್ಳುವಷ್ಟು ಹಣ ಬೇಡ.

ಇನ್ನು ನೆರೆಯವರ ಕಣ್ಣು. ಯಾರ ಮಗಳು ಎಷ್ಟು ಹೊತ್ತಿಗೆ ಬಂದಳು, ಯಾರ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲ ಲೆಕ್ಕವೂ ಕಟ್ಟೆಯ ಮೇಲೆ ಕೂತವರಿಗೆ ಗೊತ್ತು. ಗೀಬತ್ ದೊಡ್ಡ ಪಾಪವೆಂದು ದರ್ಸ್‌ನಲ್ಲಿ ಕೇಳಿ ತಲೆದೂಗಿ, ಮನೆಗೆ ಬರುವ ದಾರಿಯಲ್ಲೇ ಅದನ್ನು ಶುರು ಮಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಎಷ್ಟೋ ಹುಡುಗಿಯರಿಗೆ ಗಲ್ಲಿ ಬಿಟ್ಟು ಹೋಗುವುದೆಂದರೆ ಈ ಕಣ್ಣುಗಳಿಂದ ಬಿಡುಗಡೆ.

ಆದರೆ ಆ ಅತ್ತೆ ಏಕೆ ಒಪ್ಪುವುದಿಲ್ಲ? ಅವರು ಹೇಳುವುದು “ಅಭ್ಯಾಸವಾಗಿದೆ” ಎಂದಷ್ಟೇ. ಅವರ ಒಂದು ದಿನವನ್ನು ಕೂತು ನೋಡಿ. ಬೆಳಿಗ್ಗೆ ಹಾಲು ಬ್ರೆಡ್ಡಿಗೆ ಎದುರು ಅಂಗಡಿ. ಹಣ ಇಲ್ಲದಿದ್ದರೆ ನಾಳೆ ಕೊಟ್ಟರಾಯಿತು. ಬಿ.ಪಿ. ಮಾತ್ರೆ ಮುಗಿದರೆ ಪಕ್ಕದ ಮನೆಯ ಹುಡುಗ ಓಡಿ ತರುತ್ತಾನೆ. ಎದೆ ಹಿಡಿದಂತಾದರೆ ಬೌರಿಂಗ್ ಆಸ್ಪತ್ರೆ ಆಟೋದಲ್ಲಿ ಕೆಲವೇ ನಿಮಿಷ. ಗಂಡ ತೀರಿಕೊಂಡಾಗ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅವರು ಮನೆಯಲ್ಲಿದ್ದರೂ ಒಂಟಿಯಾಗಿರಲಿಲ್ಲ. ಒಂದು ಮನೆಯಿಂದ ಸಾರು, ಇನ್ನೊಂದು ಮನೆಯಿಂದ ಜೊತೆಗೆ ಮಲಗಲು ಒಬ್ಬ ಹುಡುಗಿ. ಪಕ್ಕದ ತಮಿಳು ಅಕ್ಕನೊಂದಿಗೆ ಅವರು ಮಾತಾಡುವ ಭಾಷೆ ದಖನಿಯೂ ಅಲ್ಲ, ತಮಿಳೂ ಅಲ್ಲ, ಕನ್ನಡವೂ ಅಲ್ಲ, ಮೂರೂ ಹೌದು. ಈ ಅಮ್ಮನನ್ನು ಏಳನೆಯ ಮಹಡಿಗೆ ಒಯ್ದು ಕೂರಿಸಿದರೆ ಬಾಲ್ಕನಿಯಿಂದ ಕಾಣುವುದೆಲ್ಲ ಚೆಂದವೇ. ಮಗ ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಸಂಜೆ ಆರರ ತನಕ ಮಾತಾಡಲು ಯಾರಿದ್ದಾರೆ?

ದುಡಿಯುವ ಹೆಣ್ಣುಮಕ್ಕಳದು ಇನ್ನೊಂದು ಲೆಕ್ಕ. ಸೀರೆಗೆ ಫಾಲ್ಸ್ ಹೊಲಿಯುವುದು, ಕುಚ್ಚು ಕಟ್ಟುವುದು, ಬ್ಲೌಸ್ ಹೊಲಿಯುವುದು ಇಂಥ ಕೆಲಸದಿಂದ ಇಲ್ಲಿ ಎಷ್ಟೋ ಒಲೆಗಳು ಉರಿಯುತ್ತವೆ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಿಂದ ಸೀರೆ ನಡೆದೇ ಮನೆಗೆ ಬರುತ್ತದೆ, ಕೆಲಸ ಮುಗಿಸಿ ನಡೆದೇ ವಾಪಸು ಹೋಗುತ್ತದೆ. ಹತ್ತು ಹನ್ನೆರಡು ಹೆಂಗಸರು ಸೇರಿ ಬಡ್ಡಿಯಿಲ್ಲದ ಚೀಟಿ ಕಟ್ಟುತ್ತಾರೆ. ಈ ತಿಂಗಳು ಒಬ್ಬಾಕೆಯ ಮಗನ ಫೀಸು, ಮುಂದಿನ ತಿಂಗಳು ಇನ್ನೊಬ್ಬಾಕೆಯ ಹೊಲಿಗೆ ಮೆಷಿನ್. ಕಾಗದವಿಲ್ಲ, ಸಹಿ ಇಲ್ಲ. ಮೂವತ್ತು ವರ್ಷದ ಪರಿಚಯವೇ ಜಾಮೀನು. ಹದಿನೈದು ಕಿಲೋಮೀಟರ್ ದೂರ ಹೋದರೆ ಮನೆ ದೊಡ್ಡದಾಗುತ್ತದೆ ನಿಜ, ಈ ಸಂಪಾದನೆ ಮಾತ್ರ ಜೊತೆಗೆ ಬರುವುದಿಲ್ಲ. ಗಂಡಸರು ಹಾಕುವ ಲೆಕ್ಕದಲ್ಲಿ ಇ.ಎಂ.ಐ. ಇರುತ್ತದೆ, ಮೇಂಟೆನೆನ್ಸ್ ಇರುತ್ತದೆ, ಹೆಂಗಸಿನ ಈ ಗಳಿಕೆ ಇರುವುದೇ ಇಲ್ಲ.

ನೆರೆಯ ಹಕ್ಕು

ಪವಿತ್ರ ಕುರ್‌ಆನ್ ಅನ್ನಿಸಾಅ್ ಅಧ್ಯಾಯದ 36ನೇ ಸೂಕ್ತದಲ್ಲಿ ತಂದೆ ತಾಯಿ, ಬಂಧುಗಳು, ಅನಾಥರು, ದರಿದ್ರರ ಜೊತೆಗೇ ಎರಡು ಬಗೆಯ ನೆರೆಯವರನ್ನು ಹೆಸರಿಸುತ್ತದೆ. ಬಂಧುವಾದ ನೆರೆಯವನು ಮತ್ತು ಬಂಧುವಲ್ಲದ ನೆರೆಯವನು. ಎರಡನೆಯವನಲ್ಲಿ ಅನ್ಯಧರ್ಮೀಯ ನೆರೆಯವನೂ ಸೇರುತ್ತಾನೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಕುರಿ ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕಳಿಸಿದಿರಾ ಎಂದು ಅವರು ಮನೆಯವರನ್ನು ಮತ್ತೆ ಮತ್ತೆ ಕೇಳಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಇಬ್ಬರು ನೆರೆಯವರಿದ್ದರೆ ಉಡುಗೊರೆ ಯಾರಿಗೆ ಕಳಿಸಲಿ ಎಂದು ಹ. ಆಯಿಶಾ(ರ) ಕೇಳಿದಾಗ ಪ್ರವಾದಿವರ್ಯರು(ಸ) ಯಾರ ಬಾಗಿಲು ಹತ್ತಿರವೋ ಅವರಿಗೆ ಎಂದು ತಿಳಿಸಿದರು. ಶಿವಾಜಿನಗರದ ಗಲ್ಲಿಯಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಕಷ್ಟ, ನಾಲ್ಕು ಬಾಗಿಲುಗಳು ಒಂದೇ ಅಳತೆಯಲ್ಲಿ ಹತ್ತಿರವಿರುತ್ತವೆ!

ಸೆಪ್ಟೆಂಬರ್ 8ರಂದು ಇಲ್ಲಿಯ ಸಂತ ಮೇರಿ ಬೆಸಿಲಿಕಾದ ಹಬ್ಬ. ಕೇಸರಿ ಬಟ್ಟೆ ತೊಟ್ಟ ಸಾವಿರಾರು ಜನ ತಮಿಳುನಾಡಿನಿಂದಲೂ ಬರುತ್ತಾರೆ, ಮೆರವಣಿಗೆ ಇದೇ ರಸ್ತೆಗಳಲ್ಲಿ ಸಾಗುತ್ತದೆ. ನಮ್ಮ ವಿಶ್ವಾಸ ನಮಗೆ, ಅವರ ವಿಶ್ವಾಸ ಅವರಿಗೆ. ಆದರೆ ದೂರದಿಂದ ಬಂದವರಿಗೆ ಕುಡಿಯಲು ನೀರು ಕೊಡಲು, ಅಂಗಡಿಯ ನೆರಳಲ್ಲಿ ಮಗುವನ್ನು ಮಲಗಿಸಲು ಜಾಗ ಬಿಡಲು ಯಾವ ಅಡ್ಡಿಯಿದೆ? ಅದೇ ಜನ ರಮಝಾನ್‌ನ ಸಂಜೆ ಸಮೋಸ, ಹಲೀಮ್‌ನ ಅಂಗಡಿಗಳ ಮುಂದೆಯೂ ನಿಂತಿರುತ್ತಾರೆ. ಬೇರೆಯವರ ಪಕ್ಕದಲ್ಲಿ ಬದುಕುವುದನ್ನು ಮಕ್ಕಳಿಗೆ ಭಾಷಣದಿಂದ ಕಲಿಸಲಾಗದು. ಎಲ್ಲರೂ ನಮ್ಮವರೇ ಇರುವ ಲೇಔಟ್ ಹುಡುಕುವ ತಂದೆ ತಾಯಿ ಇದನ್ನೂ ಸ್ವಲ್ಪ ಯೋಚಿಸಲಿ. ಮನೆ ಬಾಡಿಗೆಗೆ ಕೇಳಿದಾಗ ಹೆಸರು ಕೇಳಿಯೇ ಇಲ್ಲವೆನ್ನುವ ಮಾಲೀಕರು ನಗರದಲ್ಲಿ ಎಷ್ಟಿದ್ದಾರೆಂಬುದು ನಿಮಗೂ ಗೊತ್ತು, ಹಾಗಾಗಿ ಅವರ ಮೇಲೆಯೇ ಎಲ್ಲ ತಪ್ಪು ಹೊರಿಸಲಾಗದು.

ಕೊನೆಗೆ ಹೋಗುವುದೆಂದೇ ತೀರ್ಮಾನವಾದರೆ ಹಳೆಯ ಮನೆ ಮಾರಾಟಕ್ಕೆ ಬರುತ್ತದೆ. ಇಲ್ಲಿ ಜಾಗ್ರತೆ ಬೇಕು, ಸಹೋದರಿಯರೇ. ಅಜ್ಜನ ಕಾಲದ ಮನೆ. ಖಾತೆ ಇನ್ನೂ ತೀರಿಹೋದವರ ಹೆಸರಿನಲ್ಲೇ ಇರುತ್ತದೆ. ಜಾಗ ಚಿಕ್ಕದಾದರೂ ಮಾರ್ಕೆಟ್ ಪಕ್ಕದ್ದು, ಅಂಗಡಿಗೋ ಗೋಡೌನಿಗೋ ಒಳ್ಳೆಯ ಬೆಲೆ ಬರುತ್ತದೆ. ಆಗ ಅಣ್ಣ ತಮ್ಮಂದಿರು, ಮದುವೆಯಾಗಿ ಹೋದ ಅಕ್ಕ ತಂಗಿಯರ ಬಳಿ ಹಕ್ಕು ಖುಲಾಸೆ ಪತ್ರ ಹಿಡಿದು ಬರುತ್ತಾರೆ. “ನಿನ್ನ ಮದುವೆಗೆ ಖರ್ಚು ಮಾಡಿಲ್ಲವೇ?” ಎಂಬ ಒಂದೇ ಮಾತಿಗೆ ಆಕೆ ಸಹಿ ಹಾಕಿಬಿಡುತ್ತಾಳೆ. ಮದುವೆಯ ಖರ್ಚು ವಾರೀಸು ಪಾಲಲ್ಲ. ಸ್ವತ್ತು ಕಡಿಮೆಯಿರಲಿ ಹೆಚ್ಚಿರಲಿ ಸ್ತ್ರೀಗೆ ಪಾಲಿದೆಯೆಂದು ಕುರ್‌ಆನ್ (4: 7) ಸ್ಪಷ್ಟಪಡಿಸಿದೆ. ಮಕ್ಕಳಿರುವ ಗಂಡ ತೀರಿದರೆ ಪತ್ನಿಗೆ ಎಂಟರಲ್ಲೊಂದು, ಮಕ್ಕಳಿರುವ ಮಗ ತೀರಿದರೆ ತಾಯಿಗೆ ಆರರಲ್ಲೊಂದು, ಗಂಡು ಹೆಣ್ಣು ಮಕ್ಕಳಿಬ್ಬರೂ ಇದ್ದರೆ ಮಗನ ಪಾಲಿನ ಅರ್ಧ ಮಗಳಿಗೆ. 1937ರ ಶರೀಅತ್ ಕಾಯ್ದೆಯಿಂದ ಈ ನಿಯಮ ನಮ್ಮ ದೇಶದ ನ್ಯಾಯಾಲಯದಲ್ಲೂ ನಡೆಯುತ್ತದೆ. ಓದದೆ ಸಹಿ ಹಾಕಬೇಡಿ. ಮನಸಾರೆ ಬಿಟ್ಟುಕೊಡುವುದಾದರೂ ಎಷ್ಟನ್ನು ಬಿಡುತ್ತಿದ್ದೀರಿ ಎಂದು ತಿಳಿದು ಬಿಟ್ಟುಕೊಡಿ.

ಫ್ಲ್ಯಾಟ್ ನೋಡಲು ಹೋಗುವಾಗ ಮನೆಯ ಹಿರಿಯಳನ್ನು ಕರೆದುಕೊಂಡು ಹೋಗಿ. ಗೃಹಪ್ರವೇಶದ ದಿನ ಮೊದಲ ಸಲ ತೋರಿಸುವುದಲ್ಲ. ಲಿಫ್ಟ್ ಕೆಟ್ಟರೆ ಅವರು ಇಳಿಯಬಲ್ಲರೇ, ಮಸೀದಿ ಎಷ್ಟು ದೂರ, ರಾತ್ರಿ ಎರಡು ಗಂಟೆಗೆ ಯಾವ ಆಸ್ಪತ್ರೆ, ಪಕ್ಕದ ಬಾಗಿಲಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿ ತಿಳಿಯಿರಿ. ಪಕ್ಕದ ಬಾಗಿಲನ್ನು ನೀವೇ ಮೊದಲು ತಟ್ಟಬೇಕಾಗಬಹುದು. ಒಂದು ಬಟ್ಟಲು ಖೀರು ಸಾಕು.

ಇಲ್ಲೇ ಉಳಿಯುವವರಿಗೂ ಕೆಲಸವಿದೆ. 2012ರ ಬೆಂಕಿಯ ನಂತರ ರಸೆಲ್ ಮಾರ್ಕೆಟ್‌ನ ವ್ಯಾಪಾರಿಗಳು ಸರಕಾರ ಬರಲೆಂದು ಕಾಯದೆ ತಾವೇ ಹಣ ಹಾಕಿ ದುರಸ್ತಿಗೆ ಇಳಿದರು. ಗಲ್ಲಿಯ ಹೆಂಗಸರು ಚೀಟಿ ನಡೆಸುವ ಅದೇ ಹುರುಪಿನಲ್ಲಿ ಒಂದು ಗಲ್ಲಿಯ ವಯರಿಂಗ್, ಒಂದು ಮಹಡಿಯ ಕೋಣೆಯಲ್ಲಿ ಮಕ್ಕಳು ಸಂಜೆ ಓದಲು ಜಾಗ, ಕಸದ ಗಾಡಿ ಬರುವ ಹೊತ್ತು ಇವನ್ನು ಹಿಡಿದು ಕೂತರೆ ಆಗದ ಕೆಲಸವೇನಲ್ಲ.

ಬಿಟ್ಟು ಹೋದವರು ಪೂರ್ತಿ ಹೋಗುವುದೂ ಇಲ್ಲವೆನ್ನಿ. ರಮಝಾನ್‌ನ ಕೊನೆಯ ವಾರ ಶಿವಾಜಿನಗರದ ಬಸ್ಸುಗಳನ್ನು ನೋಡಬೇಕು. ಥಣಿಸಂದ್ರದಿಂದ, ಹೆಗಡೆ ನಗರದಿಂದ ಬುರ್ಖಾ ತೊಟ್ಟ ಅಮ್ಮಂದಿರು ಮೊಮ್ಮಕ್ಕಳ ಕೈ ಹಿಡಿದು ಇಳಿಯುತ್ತಾರೆ. ಶಾವಿಗೆ, ಖರ್ಜೂರ ಅವರ ಲೇಔಟ್‌ನಲ್ಲೂ ಸಿಗುತ್ತದೆ. ಆದರೂ ಇಲ್ಲಿಗೇ ಬಂದು, ಖರೀದಿಗೆ ಮೊದಲು ಹಳೆಯ ಗಲ್ಲಿಗೆ ಹೋಗಿ, ಮೂರನೆಯ ಬಾಗಿಲಿನ ಮುಂದೆ ನಿಂತು ಸಲಾಮ್ ಹೇಳುತ್ತಾರೆ.