ಬೋಧಿಸಲು ಬಂದವರ ವಿದ್ಯಾರ್ಥಿ ದೆಸೆ

ವಿಜಯಪುರದಿಂದ ತಿಕೋಟಾ ಹಾದಿ ಹಿಡಿದರೆ ಊರು ಮುಗಿಯುತ್ತಲೇ ತೊರವೆ ಸಿಗುತ್ತದೆ. ತೊರವೆ ನರಸಿಂಹನ ಅಂಕಿತದಲ್ಲಿ ಕುಮಾರ ವಾಲ್ಮೀಕಿ ರಾಮಾಯಣ ಬರೆದ ಊರು ಅದು. ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಕಡೆಯವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಈ ತೊರವೆ ರಾಮಾಯಣ ಅಚ್ಚಿನ ಮುಖ ಕಂಡದ್ದರಲ್ಲಿ ಪರದೇಶದಿಂದ ಕ್ರೈಸ್ತಧರ್ಮ ಸಾರಲು ಬಂದ ಒಬ್ಬ ಯುವಕನ ಪಾಲೂ ಇದೆ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಆತ ಹರ್ಮನ್ ಮೋಗ್ಲಿಂಗ್. ಜರ್ಮನಿಯ ವುರ್ಟೆಂಬರ್ಗ್ ಸೀಮೆಯವನು, 1836ರಲ್ಲಿ ಮಂಗಳೂರಿಗೆ ಬಂದಾಗ ವಯಸ್ಸು 25. ಅವನನ್ನು ಕಳುಹಿಸಿದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ. ಹೊರದೇಶದ ಸೇವೆಗೆ ಹೋಗುವ ಯುವಜನರ ಬಗ್ಗೆ ಇಂದು ಯಾವ ಅಭಿಪ್ರಾಯ ಇಟ್ಟುಕೊಳ್ಳುವುದಿದ್ದರೂ ಈ ಸಂಸ್ಥೆ ತನ್ನ ಹುಡುಗರನ್ನು ಹೇಗೆ ತಯಾರು ಮಾಡಿತು, ಬಂದಮೇಲೆ ಅವರಿಂದ ಏನು ಕೇಳಿತು ಎಂಬುದನ್ನು ನೋಡುವುದು ಒಳ್ಳೆಯದು. ನನ್ನ ವಾದ ಇಷ್ಟೇ: ಅವರ ಕೆಲಸದಲ್ಲಿ ಗಟ್ಟಿಯಾಗಿ ಉಳಿದ ಭಾಗವೆಲ್ಲ ಅವರು ಇಲ್ಲಿಯವರ ಮುಂದೆ ವಿದ್ಯಾರ್ಥಿಗಳಾಗಿ ಕೂತ ವರ್ಷಗಳಿಂದ ಬಂದದ್ದು, ಬೋಧಕರಾಗಿ ನಿಂತ ಗಳಿಗೆಗಳಿಂದ ಬಂದದ್ದು ಕಡಿಮೆ.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಠಾಣೆ ಬಂತು. ಬೆಟಗೇರಿ, ನೇಕಾರರ ಗುಳೇದಗುಡ್ಡ ಆಮೇಲೆ. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ವಿಜಯಪುರಕ್ಕೆ ಬಂದ ಕಾಲದಲ್ಲೇ ಮಿಷನ್ನೂ ಇಲ್ಲಿಗೆ ಬಂತು. ಬಂದವರಲ್ಲಿ ಹೆಚ್ಚಿನವರು ರೈತರ, ಕುಶಲಕರ್ಮಿಗಳ ಮಕ್ಕಳು. ಬಾಸೆಲ್ಲಿನ ಸೆಮಿನರಿಯಲ್ಲಿ ವರ್ಷಗಟ್ಟಲೆ ಓದು, ಜೊತೆಗೆ ಕೈಕೆಲಸ. ಮದುವೆಗೂ ಅಲ್ಲಿನ ಸಮಿತಿಯ ಅಪ್ಪಣೆ ಬೇಕು, ಅದನ್ನು ಕೇಳಬೇಕಾದರೂ ಬಂದ ನಾಡಿನಲ್ಲಿ ಎರಡು ವರ್ಷ ಕಳೆದಿರಬೇಕು. ಅತಿಯಾದ ಶಿಸ್ತು ಎನ್ನಿಸುವುದು ನಿಜ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಹೊಸದಾಗಿ ಬಂದವನು ಮುನ್ಷಿಯ, ಅಂದರೆ ಭಾಷೆ ಕಲಿಸುವ ಪಂಡಿತನ, ಹತ್ತಿರ ಕೂತು ಕಲಿಯಬೇಕು, ಪರೀಕ್ಷೆ ಕೊಡಬೇಕು ಎಂಬ ನಿಯಮ ಇದ್ದದ್ದೂ ಆ ಶಿಸ್ತಿನ ಒಳಗೇ. ಉತ್ಸಾಹವೊಂದನ್ನೇ ನೆಚ್ಚಿ ಯಾರನ್ನೂ ಊರಿಗೆ ಬಿಡುತ್ತಿರಲಿಲ್ಲ.

ಈ ನಿಯಮ ಏನು ಮಾಡಿತು ಎಂಬುದಕ್ಕೆ ಫರ್ಡಿನೆಂಡ್ ಕಿಟೆಲ್ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1832ರಲ್ಲಿ ಹುಟ್ಟಿ, 1853ರಲ್ಲಿ 21ರ ಪ್ರಾಯದಲ್ಲಿ ಧಾರವಾಡ ಸೀಮೆಗೆ ಬಂದ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಕೇಶಿರಾಜನ ವ್ಯಾಕರಣ ಶಬ್ದಮಣಿದರ್ಪಣ, ನಾಗವರ್ಮನ ಛಂದಸ್ಸು ಇವುಗಳ ಸಂಪಾದನೆಯೂ ಇದೇ ಅವಧಿಯ ಕೆಲಸ. ಸುಮಾರು 70,000 ಶಬ್ದಗಳ, 1,700ಕ್ಕೂ ಹೆಚ್ಚು ಪುಟಗಳ ಆ ಪುಸ್ತಕವನ್ನು ಹೊಗಳುವವರು ಬಹಳ, ಬಿಚ್ಚಿ ನೋಡುವವರು ಕಡಿಮೆ. ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುದು ಶಬ್ದದ ಮುಂದಿನ ಚಿಕ್ಕ ಸಂಕೇತಾಕ್ಷರಗಳು. ಇದು ಕೇಶಿರಾಜನಲ್ಲಿದೆ, ಇದು ಬಸವಪುರಾಣದಲ್ಲಿದೆ, ಇದು ದಾಸರ ಪದದಲ್ಲಿದೆ ಎಂದು ಒಂದೊಂದಕ್ಕೂ ಗುರುತು. ಅವುಗಳ ಸಾಲಿನಲ್ಲೇ ಇದು ಮೈಸೂರ ಕಡೆಯ ಬಳಕೆ, ಇದು ದಕ್ಷಿಣ ಮರಾಠಾ ಸೀಮೆಯ ಬಳಕೆ ಎಂದೂ ಗುರುತು ಸಿಗುತ್ತದೆ. ದಕ್ಷಿಣ ಮರಾಠಾ ಸೀಮೆ ಎಂದರೆ ಮತ್ತೇನಲ್ಲ, ನಮ್ಮ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ. ಹೆಸರು ಇಂಗ್ಲಿಷರು ಇಟ್ಟದ್ದು. ಹಳಗನ್ನಡದ ವ್ಯಾಕರಣಕಾರನಿಗೆ ಕೊಟ್ಟ ಜಾಗವನ್ನೇ ಇಲ್ಲಿನ ಆಡುಮಾತಿಗೂ, ಗಾದೆಗೂ ಕೊಟ್ಟಿದ್ದಾರೆ. ಊರವರ ಬಾಯಿಗೆ ಕಿವಿಗೊಟ್ಟು ಬರೆದುಕೊಂಡವನಿಗಷ್ಟೇ ಬರುವ ಬುದ್ಧಿ ಇದು.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಗೊತ್ತಿರುವಂಥದೇ. ಕಲಿತದ್ದು ಮತಾಂತರಕ್ಕಾಗಿ, ಭಾಷಾಸೇವೆ ಅದರ ಉಪ ಉತ್ಪನ್ನ. ಉದ್ದೇಶದ ಮಾತಿಗೆ ಬಂದರೆ ಆಕ್ಷೇಪ ಸರಿ, ಮಿಷನರಿಗಳೂ ಅದನ್ನು ಮುಚ್ಚಿಡಲಿಲ್ಲ. ದೀಕ್ಷಾಸ್ನಾನ ಪಡೆದವರು ಮನೆ, ಕುಲ, ಹಲವು ಸಲ ಹೊಟ್ಟೆಪಾಡನ್ನೂ ಕಳೆದುಕೊಂಡರು. ಅವರಿಗಾಗಿ ಮಿಷನ್ ನೇಕಾರಿಕೆಯ ಕಾರ್ಖಾನೆ ತೆರೆಯಿತು, 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು. ಕೂಲಿ ಕೊಡುವವನೂ ಪಾಪನಿವೇದನೆ ಕೇಳುವವನೂ ಒಬ್ಬನೇ ಆದಾಗ ಕೆಲಸಗಾರನ ಬಾಯಿ ಕಟ್ಟುತ್ತದೆ. ಈ ದೋಷವನ್ನು ನಿಘಂಟಿನ ತೂಕದಿಂದ ಸರಿದೂಗಿಸಲು ಬರುವುದಿಲ್ಲ. ಆದರೆ ಉದ್ದೇಶ ಒಂದೇ ಆಗಿದ್ದರೆ ಫಲವೂ ಒಂದೇ ಆಗಬೇಕಿತ್ತಲ್ಲ? ಮತ ಸಾರಲಿಕ್ಕೆ ಬಸವಪುರಾಣ ಬೇಕಿರಲಿಲ್ಲ, ಜೈಮಿನಿ ಭಾರತವೂ ಬೇಕಿರಲಿಲ್ಲ. ಮೋಗ್ಲಿಂಗ್ ಇವೆರಡನ್ನೂ ತೊರವೆ ರಾಮಾಯಣವನ್ನೂ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ತಂದರು. ಹಣ ಕೊಟ್ಟದ್ದು ಮಿಷನ್ ಅಲ್ಲ, ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿ. ಕೆಡವಲು ಬಂದವನು ಎದುರಿನದನ್ನು ಓದತೊಡಗಿದ ಮೇಲೆ ಅದು ಕೆಡವತಕ್ಕದ್ದಲ್ಲ, ಅಚ್ಚು ಹಾಕತಕ್ಕದ್ದು ಎಂದು ಕಂಡುಕೊಂಡಂತೆ ಕಾಣುತ್ತದೆ. ಕಲಿಕೆಗೆ ಈ ಗುಣವಿದೆ, ಅದು ಉದ್ದೇಶದ ಅಂಕೆಯಲ್ಲಿ ನಿಲ್ಲುವುದಿಲ್ಲ.

ಎರಡನೆಯದು, ಶ್ರೇಯಸ್ಸು ಇಲ್ಲಿನ ಪಂಡಿತರಿಗೆ ಸಲ್ಲಬೇಕು ಎನ್ನುವುದು. ಖಂಡಿತ ಸಲ್ಲಬೇಕು. ಕಿಟೆಲ್ಲರ ಬೆನ್ನಿಗೆ ಪಂಡಿತರಿದ್ದರು. ಆದರೆ ಈ ಮಾತು ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಹೆಚ್ಚು ಗಟ್ಟಿಮಾಡುತ್ತದೆ. ಶಿಷ್ಯ ಇದ್ದಲ್ಲಿ ಗುರು ಇರಲೇಬೇಕು. ಈ ಚರಿತ್ರೆಯಲ್ಲಿ ಶಿಷ್ಯರ ಹೆಸರು ರಸ್ತೆಗೂ ಕಾಲೇಜಿಗೂ ಬಂತು, ಗುರುಗಳ ಹೆಸರು ಮುನ್ನುಡಿಯ ಕೃತಜ್ಞತೆಯಲ್ಲೇ ಉಳಿಯಿತು. ಅದು ನಮ್ಮ ಬರಹಗಾರರೂ ತಿದ್ದದೆ ಬಿಟ್ಟ ಅನ್ಯಾಯ.

ನಿಜವಾಗಿ ಕಷ್ಟ ಕೊಡುವ ಆಕ್ಷೇಪ ಬೇರೆ ಇದೆ, ಅದರ ಹೆಸರು ಸ್ಯಾಮುಯೆಲ್ ಹೆಬಿಕ್. ಮೊದಲು ಬಂದ ಮೂವರಲ್ಲಿ ಒಬ್ಬನಾದ ಈತ ಇಲ್ಲಿನ ಯಾವ ಭಾಷೆಯನ್ನೂ ಚೆನ್ನಾಗಿ ಕಲಿಯಲಿಲ್ಲ. ದುಭಾಷಿಯನ್ನು ಪಕ್ಕಕ್ಕಿಟ್ಟುಕೊಂಡೇ ಜಾತ್ರೆಗಳಲ್ಲಿ ಪ್ರಸಂಗ ಮಾಡಿದ, ಉದ್ದ ಗಡ್ಡ, ಏರುದನಿ. ಆದರೂ ಜನ ಸೇರಿದರು, ಕಣ್ಣೂರಿನ ಇಂಗ್ಲಿಷ್ ಸಿಪಾಯಿಗಳೂ ಅವನ ಹಿಂದೆ ಬಂದರು. ಹಾಗಾದರೆ ಕಲಿಕೆಯೇ ಬೇಡವಾಯಿತಲ್ಲ? ಸಭೆ ಕೂಡಿಸುವುದೊಂದೇ ಅಳತೆಯಾದರೆ ಬೇಡ. ಹೆಬಿಕ್ ಕಟ್ಟಿದ ಸಭೆಗಳು ಸಭೆಯವರಿಗೆ ದೊಡ್ಡವು, ಅದರ ಹೊರಗಿನ ನೆರೆಯವನಿಗೆ ಅವನಿಂದ ಸಿಕ್ಕಿದ್ದು ಕಡಿಮೆ. ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ, ಅದನ್ನು ಓದಲು ಯಾರೂ ಕ್ರೈಸ್ತರಾಗಬೇಕಿರಲಿಲ್ಲ. ಪರದೇಶದಲ್ಲಿ ಸೇವೆ ಎಂದು ಹೆಸರಿಟ್ಟುಕೊಂಡ ಮೇಲೆ ಆ ದೇಶದ ಯಾವನಿಗೂ ಅದು ದಕ್ಕಬೇಕು ಎಂಬ ಅಳತೆ ಹೆಚ್ಚು ನ್ಯಾಯದ್ದು ಎಂದು ನಾನು ತಿಳಿಯುತ್ತೇನೆ.

ಇಂದಿನ ಯುವ ಮಿಷನರಿಯ ಕಾಲಮಾನ ಬೇರೆ. 18 ತುಂಬಿದ ಮಾರ್ಮನ್ ಹುಡುಗರು ಎರಡು ವರ್ಷದ ಸೇವೆಗೆ ಹೊರಡುತ್ತಾರೆ, ಭಾಷೆಗೆ ಕೆಲವು ವಾರಗಳ ತರಬೇತಿ. 1993ರಿಂದ ಅವರದೊಂದು ಮಿಷನ್ ಬೆಂಗಳೂರಲ್ಲೂ ಇದೆ. ಜರ್ಮನ್ ಸರ್ಕಾರ 2008ರಲ್ಲಿ ಶುರುಮಾಡಿದ ‘ವೆಲ್ಟ್‌ವೆರ್ಟ್ಸ್’ ಯೋಜನೆಯಡಿ 18ರಿಂದ 28ರವರು ಆರು ತಿಂಗಳಿಂದ ಎರಡು ವರ್ಷದವರೆಗೆ ಹೊರದೇಶದಲ್ಲಿರಬಹುದು, ಚರ್ಚುಗಳ ಮೂಲಕವೂ ಬರುತ್ತಾರೆ. ಇಡೀ ಆಯುಷ್ಯ ಕೊಡು ಎಂದು ಇವರಿಗೆ ಹೇಳುವುದು ಸಲ್ಲದು. ಆಗ ಕೊಟ್ಟವರು ತೆತ್ತ ಬೆಲೆಯೂ ಸಣ್ಣದಲ್ಲ: ಕನ್ನಡ ಬೈಬಲ್ಲಿಗೆ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ 40 ತುಂಬುವ ಮೊದಲೇ ತೀರಿಕೊಂಡ. ಅವಧಿ ಕಡಿಮೆಯಾದರೆ ಸಲಹೆ ಕೊಡುವ ಹಕ್ಕೂ ಅಷ್ಟೇ ಕಡಿಮೆ ಇರಲಿ ಎಂಬುದಷ್ಟೇ ನಾನು ಕೇಳುವುದು. ಒಂದು ವರ್ಷಕ್ಕೆ ಬಂದವನು ಹಾಸ್ಟೆಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮೊದಲು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವರ ಮಾತು ತಿಳಿಯುವಷ್ಟು ಕನ್ನಡ ಕಲಿಯಲಿ. ವಿಜಯಪುರದಿಂದ ಜರ್ಮನಿಗೆ ಹೋಗುವ ಹುಡುಗಿಗೂ ಅದೇ ನಿಯಮ.

ಬಾಸೆಲ್ ಮಿಷನ್ನಿನ ಕಲಿಕೆಗೂ ಪರೀಕ್ಷೆಯ ದಿನ ಬಂತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಸರ್ಕಾರ ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಕಳಿಸಿತು, ಮುಂದೆ ದೇಶ ಬಿಡಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಸಭೆಗಳು ಮಾತ್ರ ಮುಚ್ಚಲಿಲ್ಲ. ಆರಾಧನೆ, ಪಾಠ, ಹಾಡು ಕನ್ನಡದಲ್ಲೇ ಇದ್ದವು, ನಡೆಸಲು ಇಲ್ಲಿನ ಸಭಾಪಾಲಕರು, ಉಪದೇಶಿಗಳು ಇದ್ದರು. ಉತ್ತರ ಕರ್ನಾಟಕದ ಆ ಸಭೆಗಳು ಇಂದು ದಕ್ಷಿಣ ಭಾರತ ಸಭೆಗೆ ಸೇರಿದ್ದು, ಅವುಗಳ ಸಭಾಪ್ರಾಂತದ ಕೇಂದ್ರ ಧಾರವಾಡದಲ್ಲಿದೆ. ನಿಘಂಟೂ ಹಾಗೆಯೇ ಇಲ್ಲಿನವರ ಕೈಗೆ ಬಂತು: ಕಿಟೆಲ್ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಸಿದ್ಧಪಡಿಸಿದವರು ಮರಿಯಪ್ಪ ಭಟ್ಟರು.